ಟೇಲರ್ ಅಕ್ಕ ಇಟ್ಟ ಹತ್ತಿ

ಎಡ ಹೆಗಲಿನ ಹೊಲಿಗೆಯೊಳಗೆ ಹತ್ತಿ ಇತ್ತು. ಬಲ ಹೆಗಲಿನಲ್ಲಿ ಇರಲಿಲ್ಲ. ತೆಳುವಾಗಿ ತಟ್ಟಿ, ಬಟ್ಟೆಯ ಎರಡು ಪದರಗಳ ನಡುವೆ ಇಟ್ಟು, ಹೊರಗೆ ಕಾಣದಂತೆ ನೀಲಿ ದಾರದಲ್ಲಿ ಹೊಲಿದ ಹತ್ತಿ. ಹೋದ ಭಾನುವಾರ ಸವಣೂರಿನ ಮನೆಯಲ್ಲಿ ಅವ್ವ ಕೌದಿಗೆಂದು ಹಳೆಯ ಬಟ್ಟೆಗಳನ್ನು ಬಿಚ್ಚುತ್ತಿದ್ದಳು. ನನ್ನ ಹೈಸ್ಕೂಲಿನ ಕಮೀಜು ಕೈಗೆ ಬಂದಾಗ ಅದರ ಹೆಗಲನ್ನೂ ಬಿಚ್ಚಿದಳು.

ಅದನ್ನು ಹೊಲಿದವರು ನಮ್ಮ ಓಣಿಯ ಟೇಲರ್ ಅಕ್ಕ. ಹೆಂಗಸರ ಬಟ್ಟೆಗಳನ್ನಷ್ಟೇ ಹೊಲಿಯುತ್ತಿದ್ದರು. ಪರದೆ ಎಳೆದು ಅಳತೆ ತೆಗೆಯುತ್ತಿದ್ದರು. ಯಾರ ಮೈಮೇಲೆ ಯಾವ ಕಲೆ, ಯಾರ ಬ್ಲೌಸು ಏಕೆ ದಿಢೀರನೆ ಬಿಗಿಯಾಯಿತು… ಒಂದು ಮಾತೂ ಆ ಪರದೆ ದಾಟುತ್ತಿರಲಿಲ್ಲ. ಕೆದಕಲು ಬಂದವರಿಗೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, “ಬಾಯಾಗ ಟಾಚಣಿ ಅದಾವ್ರಿ, ಮಾತಾಡಿದ್ರ ನುಂಗತೇನಿ” ಎನ್ನುತ್ತಿದ್ದರು.

ನನ್ನ ಎಡ ಹೆಗಲು ಇಳಿಯುತ್ತಿದ್ದುದನ್ನು ಮೊದಲು ಕಂಡವರು ಅವರೇ. ನನಗೇ ಗೊತ್ತಿರಲಿಲ್ಲ. ಪ್ರತಿವರ್ಷ ಸಮವಸ್ತ್ರದ ಹೆಗಲಿಗೆ ಹತ್ತಿ ಸ್ವಲ್ಪ ಹೆಚ್ಚುತ್ತಿತ್ತು, ಅಂಚು ಒಂದು ಕಡೆ ಸ್ವಲ್ಪ ಉದ್ದವಾಗುತ್ತಿತ್ತು. ಕನ್ನಡಿಯಲ್ಲಿ ನಾನು ನೆಟ್ಟಗೆ ಕಾಣುತ್ತಿದ್ದೆ. ಅವ್ವ ನನ್ನನ್ನು ತಿರುಗಿಸಿ ನೋಡಿ, “ಕೈ ಅಂದ್ರ ಇದು ನೋಡು” ಎಂದು ಹೊಗಳುತ್ತಿದ್ದಳು.

ಒಂಬತ್ತನೇ ತರಗತಿಯಲ್ಲಿ ಆರೋಗ್ಯ ತಪಾಸಣೆಗೆ ಬಂದ ವೈದ್ಯೆ ಮುಂದಕ್ಕೆ ಬಗ್ಗಲು ಹೇಳಿದರು. ಬೆನ್ನಿನ ಬಲಭಾಗ ಉಬ್ಬಿತ್ತು. ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆವು. ಎಕ್ಸ್-ರೇಯಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು. ಅಳತೆಗೆ ಮಾಡಿಸಿದ ಬೆಲ್ಟ್ ಹಾಕಿದರೆ ಬಾಗು ಹೆಚ್ಚದಂತೆ ತಡೆಯಬಹುದು, ಆದರೆ ಅದು ಬೆಳೆಯುವ ವಯಸ್ಸಿನಲ್ಲಿ ಮಾತ್ರ ಎಂದರು ವೈದ್ಯರು. “ಹಾಕಿ ನೋಡೂಣು. ಸ್ವಲ್ಪ ಮೊದಲ ಬರಬೇಕಿತ್ರಿ.” ನನ್ನ ಕಮೀಜನ್ನು ಮಡಚುತ್ತಿದ್ದ ನರ್ಸ್ ಹೆಗಲನ್ನು ಒತ್ತಿ ನೋಡಿ, “ಒಂದ ಕಡಿ ಯಾಕ ಹತ್ತಿ ಇಡಿಸೀರಿ?” ಎಂದು ಕೇಳಿದರು. ಅವ್ವನೂ ಮುಟ್ಟಿ ನೋಡಿದಳು.

ಆ ಸಂಜೆಯೇ ಅವ್ವ ಟೇಲರ್ ಅಕ್ಕನ ಬಾಗಿಲಿಗೆ ಹೋದಳು. ನಾನು ಅವಳ ಹಿಂದೆ ನಿಂತಿದ್ದೆ.

“ನಿಮಗ ಗೊತ್ತಿತ್ತಲ್ರಿ?”

ಹೊಲಿಗೆಯಂತ್ರ ನಿಂತಿತು. “ಗೊತ್ತಿತ್ರಿ. ಹೆಣ್ಣ ಹುಡುಗಿ… ನಾಳೆ ನೋಡಾಕ ಬರೂ ಮಂದಿ ಹೆಗಲೂ ಬಿಡೂದಿಲ್ಲ. ಮುಚ್ಚಿದ್ರ ಚೊಲೊ ಅಂತ ಮಾಡಿದ್ನ್ರಿ.”

“ಮುಚ್ಚಾಕ ಅದೇನ್ ಹರಕ ಸೀರಿ ಏನ್ರಿ? ನನಗೊಬ್ಬಾಕಿಗೆ ಹೇಳಬಾರದಿತ್ತೇನು!”

ಅಂದಿನಿಂದ ನಮ್ಮ ಮನೆಯ ಬಟ್ಟೆ ಅಲ್ಲಿಗೆ ಹೋಗಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನನ್ನು ನಿಲ್ಲಿಸಿ, ಕಂಕುಳಿನಿಂದ ಸೊಂಟದವರೆಗೆ ಒದ್ದೆ ಪ್ಲಾಸ್ಟರ್ ಸುತ್ತಿ ಮೈಯ ಅಚ್ಚು ತೆಗೆದರು. ಆ ಅಚ್ಚಿನಿಂದ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟ್ ಅದು. ಉಬ್ಬಿದ ಕಡೆ ಒಳಗಿನಿಂದ ಒತ್ತುವ ಮೆತ್ತೆ, ಬಿಗಿಯಲು ಹಿಂದೆ ಪಟ್ಟಿಗಳು. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಮೈಮೇಲೆ. ಒಳಗಿನ ಬನಿಯನ್ ಬೆವರಿಗೆ ಅಂಟುತ್ತಿತ್ತು. ಬಿದ್ದ ಪೆನ್ಸಿಲ್ ಎತ್ತಲು ಮೊಣಕಾಲೂರಬೇಕಿತ್ತು. ಕೊನೆಗೆ ಅದು ಬಾಗನ್ನು ತಡೆಯಿತು, ಪೂರ್ತಿಯಾಗಿ ಅಲ್ಲ…

ಆ ವರ್ಷವೇ ಟೇಲರ್ ಅಕ್ಕ ಬಾಯಿ ಬಿಟ್ಟರು. ಅಳತೆಗೆ ಬಂದ ಹುಡುಗಿಯರ ತಾಯಂದಿರಿಗೆ, “ಸೊಂಟ ಒಂದ ಕಡಿ ಏರೈತಿ, ಒಮ್ಮೆ ಡಾಕ್ಟರಿಗೆ ತೋರಸ್ರಿ” ಎನ್ನತೊಡಗಿದರು. ಒಬ್ಬಾಕೆ ಓಣಿಯಲ್ಲೇ ನಿಂತು, “ಬಟ್ಟಿ ಹೊಲಿ ಅಂದ್ರ ಮೈಗೆ ಹೆಸರಿಡ್ತಿಯೇನ? ನಾಳೆ ನನ್ನ ಮಗಳಿಗೆ ಗಂಡನ್ನ ನೀ ಹುಡಕ್ತಿಯೇನ?” ಎಂದು ಕೂಗಿದ್ದು ನಮ್ಮ ಅಡುಗೆಮನೆಗೂ ಕೇಳಿಸಿತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು, ಹೊರಗೆ ಮಾತ್ರ ಹೋಗಲಿಲ್ಲ. ಪರದೆಯ ಮೇಲಿನ ನಂಬಿಕೆ ಹೋದ ಮೇಲೆ ಹೆಂಗಸರೂ ಹೋದರು. ಟೇಲರ್ ಅಕ್ಕ ಯಂತ್ರ ಮಾರಿ, ಹಿರೇಕೆರೂರಿನ ಕಡೆಯ ಚಿಕ್ಕೇರೂರಿನಲ್ಲಿದ್ದ ತಂಗಿಯ ಮನೆ ಸೇರಿದರು.

ಕೊನೆಯ ಸಲ ಕಂಡದ್ದು ಅವರು ಹೊರಟ ದಿನ, ಬಸ್ ನಿಲ್ದಾಣದಲ್ಲಿ. “ಬೆನ್ನ ನೂಸತೈತೇನು ಈಗ?” ಎಂದರು. “ಇಲ್ರಿ ಅಕ್ಕಾ” ಎಂದೆ. ನನ್ನ ಹೆಗಲಿನತ್ತ ಬಂದ ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಹಿರೇಕೆರೂರಿನ ಬಸ್ಸು ಬಂತು…

ಹೋದ ಭಾನುವಾರ ಅವ್ವ ಆ ಹತ್ತಿಯನ್ನು ಬೆರಳಲ್ಲಿ ಒತ್ತುತ್ತ ಹೇಳಿದಳು, “ಅವರು ಹೋದ ವರ್ಷ ತೀರಿಕೊಂಡ್ರಂತ. ನಾ ಅಷ್ಟ ಬಿರುಸ ಮಾತಾಡಬಾರದಿತ್ತು.”

ಮರುದಿನ ಬೆಳಿಗ್ಗೆ ಹಾನಗಲ್ಲಿಗೆ ಮರಳಿದೆ. ನಾನು ಬಾಡಿಗೆಗಿರುವ ಮನೆಯ ಮಾಲಕಿ ಕಟ್ಟೆಯ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದರು. ಆ ಹುಡುಗಿಯ ಒಂದು ಹೆಗಲು ಇಳಿದಿರುವುದನ್ನು ನಾನು ಹಲವು ವಾರಗಳಿಂದ ನೋಡಿ ಸುಮ್ಮನಿದ್ದೆ. ಅವಳು ಶಾಲೆಗೆ ಹೋದ ಮೇಲೆ ತಾಯಿಗೆ ಹೇಳಿದೆ.

ಅವರ ಮುಖ ಬಿಗಿಯಿತು. “ನಮ್ಮ ಹುಡುಗಿಗೆ ಏನೂ ಆಗಿಲ್ರಿ. ಓದಿದವರು ನೀವು, ಹಿಂಗೆಲ್ಲಾ ಅನಬ್ಯಾಡ್ರಿ.”

ನಾನು ದುಪಟ್ಟಾ ತೆಗೆದು ಅವರಿಗೆ ಬೆನ್ನು ಮಾಡಿ ನಿಂತೆ. ಅವರ ಕೈ ಹಿಡಿದು ನನ್ನ ಬೆನ್ನಿನ ಉಬ್ಬಿನ ಮೇಲೆ ಇಟ್ಟೆ.