ಬಿಳಿ ಪರದೆ, ಓಲೆ ಹ್ಯಾಟು

ಅಕೋಸಿತಾ ಹುಟ್ಟಿನಿಂದಲೇ ಮೈಬಣ್ಣವಿಲ್ಲದವಳು. ಕೂದಲು ತೆಂಗಿನ ನಾರಿನ ಬಣ್ಣ. ಕಣ್ಣು ಬೆಳಕು ಕಂಡರೆ ನಡುಗುತ್ತಿತ್ತು. ಫಿಜಿಯಲ್ಲಿ ಇಂಥವರು ತೀರ ಅಪರೂಪವಲ್ಲ. ಶಾಲೆಯಲ್ಲಿ ಬೋರ್ಡು ಕಾಣಲಿ ಎಂದು, ಪಾಠ ಹೇಳುತ್ತಿದ್ದ ನಾನೇ ಅವಳನ್ನು ಮುಂದಿನ ಬೆಂಚಿನಲ್ಲಿ, ಕಿಟಕಿಗೆ ಎದುರಾಗಿ ಕೂರಿಸಿದ್ದೆ. ಆ ಬೆಳಕಿಗೆ ಅವಳಿಗೆ ಏನೂ ಕಾಣುತ್ತಿರಲಿಲ್ಲವಂತೆ. ಎರಡು ವರ್ಷ ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಅವಳ ಹಟ ಎಂಥದ್ದೆಂದು ನನಗೆ ಆಗಲೇ ತಿಳಿಯಬೇಕಿತ್ತು.

ಲೆವುಕಾ ಬಂದರಿನ ಸರಕು ಕಚೇರಿಯಲ್ಲಿ ಯಾವ ಮೂಟೆ ಯಾವ ದ್ವೀಪಕ್ಕೆ ಎಂದು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಗೆಣಸಿನ ತೋಟ, ಮೀನು ಹಿಡಿಯುವುದು ಎಲ್ಲ ಬಿಸಿಲಿನ ದುಡಿಮೆ, ಅವಳಿಂದಾಗದು. ನೆರಳಿನಲ್ಲಿ ಸಿಕ್ಕಿದ್ದು ಇದೊಂದೇ. ಹಳೆಯ ಯಂತ್ರದ ಪರದೆ ಕಪ್ಪು, ಅಕ್ಷರ ಹಸಿರು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಹತ್ತೊಂಬತ್ತು ವರ್ಷ ತಪ್ಪಿಲ್ಲದೆ ಬರೆದಳು. ಆಮೇಲೆ ಹೊಸ ಯಂತ್ರಗಳು ಬಂದವು. ಪರದೆ ಪೂರ್ತಿ ಬಿಳುಪು, ನಡುಮಧ್ಯಾಹ್ನದ ಸಮುದ್ರದಂತೆ. ಅವಳು ಅಗಲ ಅಂಚಿನ ಓಲೆ ಹ್ಯಾಟು, ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಕೂತಳು. ರಾತು ಇಲಾಯಸಾ ಮೇಲಧಿಕಾರಿಯಾಗಿ ಬರುವವರೆಗೆ ಯಾರೂ ಏನೂ ಅನ್ನಲಿಲ್ಲ.

ರಾತು ಎಂದರೆ ಒಡೆಯರ ಮನೆತನದವನು. ಅದೂ ಅವಳದೇ ದ್ವೀಪವಾದ ಬಾತಿಕಿಯ ಒಡೆಯರು. ಅಂಥವರ ಮುಂದೆ ನಮ್ಮಲ್ಲಿ ಯಾರೂ ತಲೆಗೆ ಹ್ಯಾಟು, ಕಣ್ಣಿಗೆ ಕಪ್ಪು ಕನ್ನಡಕ ಇಟ್ಟುಕೊಳ್ಳುವುದಿಲ್ಲ.

"ತಲೆ ಮೇಲೇನದು?" ಮೊದಲ ದಿನವೇ ಕೇಳಿದ.

"ಹ್ಯಾಟು, ರಾತು."

"ಒಳಗೆ ಮಳೆ ಬರ್ತಿದೆಯಾ?"

"ಬಿಸಿಲು ಬರ್ತಿದೆ, ಇದರಿಂದ." ಪರದೆ ತೋರಿಸಿದಳು. "ಬಣ್ಣ ಬದಲಾಯಿಸೋಕೆ ನಿಮ್ಮ ಪಾಸ್‌ವರ್ಡ್ ಬೇಕು. ಕಪ್ಪು ಮಾಡಿಕೊಡಿ, ಹ್ಯಾಟು ತೆಗೀತೀನಿ."

"ಮೊದಲು ತೆಗಿ. ಆಮೇಲೆ ನೋಡೋಣ."

"ಮೊದಲು ಮಾಡಿಕೊಡಿ. ಆಮೇಲೆ ತೆಗೀತೀನಿ."

"ನನಗೇ ಷರತ್ತಾ? ನಿಮ್ಮಜ್ಜ ನಮ್ಮ ಅಂಗಳದಲ್ಲಿ ಬಗ್ಗಿ ನಡೀತಿದ್ದ."

"ಅವನ ಕಣ್ಣು ಚೆನ್ನಾಗಿತ್ತು, ರಾತು."

ಅವನು ಹೋದಮೇಲೆ ಪಕ್ಕದ ಮೇಜಿನ ರಾಮರತಿ ಹೇಳಿದಳು: "ಹ್ಯಾಟು ಬಿಟ್ಟು ಬಾಣಲೆ ಇಟ್ಕೊಳ್ಳೇ. ಏಟು ಬಿದ್ರೂ ತಡೆಯುತ್ತೆ."

ಏಟು ಶುಕ್ರವಾರ ಬಿತ್ತು. "ಸೋಮವಾರ ಆ ಹ್ಯಾಟು ಕಾಣಬಾರದು. ಕಂಡರೆ ಕುರ್ಚಿ ಬೇರೆಯವಳಿಗೆ," ಎಂದ ರಾತು.

ಸೋಮವಾರ ಅವಳು ಬರಿತಲೆಯಲ್ಲಿ, ಬರಿಗಣ್ಣಿನಲ್ಲಿ ಬಂದಳು. ಹತ್ತು ಗಂಟೆಗೆ ಕಣ್ಣಲ್ಲಿ ನೀರು, ಹನ್ನೆರಡಕ್ಕೆ ತಲೆಸಿಡಿತ, ಊಟದ ಹೊತ್ತಿಗೆ ವಾಂತಿ. ಹೀಗೆ ಐದು ದಿನ. ಆರನೆಯ ದಿನ ರಾತುವಿನ ಸೋದರತ್ತೆಯ ಸಾವಿಗೆಂದು ಎಂಟು ಕಟ್ಟು ಚಾಪೆ ಬಂದವು. ಬಾತಿಕಿಗೆ ಹೋಗಬೇಕಾದದ್ದು. ಪಟ್ಟಿಯಲ್ಲಿ ಅದರ ಕೆಳಗಿನ ಸಾಲು ನೈರಾಯ್ ದ್ವೀಪ. ಅವಳು ಕೆಳಗಿನದನ್ನು ಒತ್ತಿದಳು. ಚಾಪೆಗಳು ನೈರಾಯ್‌ಗೆ ಹೋದವು. ಒಡೆಯರ ಮನೆಯ ಹೆಂಗಸನ್ನು ನೆರೆಮನೆಗಳಿಂದ ಕೇಳಿ ತಂದ ಚಾಪೆಯಲ್ಲಿ ಮಣ್ಣು ಮಾಡಿದರು.

ಬೇಕೆಂದೇ ಮಾಡಿದಳು ಎಂದು ಊರು ಆಡಿಕೊಂಡಿತು. ನಾನು ನಂಬುವುದಿಲ್ಲ. ಬೇಕೆಂದು ಮಾಡುವವಳಾದರೆ ಎದುರು ನಿಂತು, ಹೇಳಿಯೇ ಮಾಡುತ್ತಿದ್ದಳು.

ನಮ್ಮಲ್ಲಿ ಕ್ಷಮೆಗೂ ಬೇಡಿಕೆಗೂ ಒಪ್ಪಿಸುವ ತಿಮಿಂಗಿಲದ ಹಲ್ಲು ತಂದು ಎಲ್ಲರೆದುರು ಕ್ಷಮೆ ಕೇಳಿದರೆ ಕೆಲಸ ಉಳಿಯುತ್ತದೆ ಎಂದು ರಾತು ಹೇಳಿ ಕಳಿಸಿದ. ಸಾಕ್ಷಿಗೆ ಬಾತಿಕಿಯ ಮೂವರು ಹಿರಿಯರನ್ನೂ ಕರೆಸಿದ. ಶಾಲೆಯ ಪುಸ್ತಕದ ಪೆಟ್ಟಿಗೆ ಬಿಡಿಸಿಕೊಳ್ಳಲು ಕಚೇರಿಗೆ ಹೋಗಿದ್ದ ನಾನೂ ಅಲ್ಲಿದ್ದೆ. ಅವಳು ನೆಲದ ಮೇಲೆ ಕೂತು, ತಾಯಿಯ ಪೆಟ್ಟಿಗೆಯಿಂದ ತಂದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಚಾಪೆ ತಪ್ಪಿದ್ದು ನನ್ನ ಕೈಯಿಂದ. ಎಂಟು ಕಟ್ಟಿಗೆ ಎಂಟು ಕಟ್ಟು ನಮ್ಮ ಮನೆಯಿಂದ ನಿನ್ನೆಯೇ ಹೋಗಿದೆ. ಈ ಹಲ್ಲು ಅದಕ್ಕಲ್ಲ," ಎಂದಳು. "ಇದು ಆ ಪರದೆಗೆ. ಅದನ್ನ ಕಪ್ಪು ಮಾಡಿ ಅಂತ ನಿಮ್ಮ ಮನೆಯ ಆಳಿನ ಮೊಮ್ಮಗಳು ಕೇಳ್ತಿದ್ದಾಳೆ. ಆಗಲ್ಲ ಅಂದ್ರೆ ಹಲ್ಲು ಮುಟ್ಟಬೇಡಿ."

ರಾತುವಿನ ಮುಖ ಕಪ್ಪಿಟ್ಟಿತು. ಹಲ್ಲು ತೆಗೆದುಕೊಂಡವನು ಕೇಳಿದ್ದನ್ನು ನಡೆಸಿಕೊಡಲೇಬೇಕು. ತನ್ನ ಪ್ರಜೆ ಕೊಟ್ಟದ್ದನ್ನು ಹಿರಿಯರೆದುರು ತಿರುಗಿಸಿದರೆ ಆ ಮಾತು ಅವನ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

"ಇದು ಮೋಸ," ಎಂದ.

"ಮೋಸ ಅಲ್ಲಪ್ಪ, ಬೇಡಿಕೆ," ಎಂದರು ಹಿರಿಯರಲ್ಲಿ ಒಬ್ಬರು. "ಅವಳ ಕೈ ಸೋಲ್ತಿದೆ. ತಗೋತೀಯೋ ಇಲ್ವೋ?"

ತೆಗೆದುಕೊಂಡ. ಎದ್ದು ಹೋಗಿ ತಾನೇ ಪಾಸ್‌ವರ್ಡ್ ಒತ್ತಿದ. ಪರದೆ ಕಪ್ಪಾಯಿತು. ಕೀಲಿಗಳನ್ನು ಅವನು ಕುಟ್ಟಿದ ಸದ್ದು ಸರಕಿಗಾಗಿ ಹೊರಗೆ ಸಾಲು ನಿಂತವರಿಗೂ ಕೇಳಿಸಿತು.

ಇದಾಗಿ ಮೂರು ವರ್ಷ. ಇಬ್ಬರೂ ಒಂದು ಮಾತೂ ಆಡಿಲ್ಲ. ಅವನು ಕಾಗದಗಳನ್ನು ಅವಳ ಮೇಜಿನ ಮೂಲೆಗೆ ಎಸೆದು ಹೋಗುತ್ತಾನೆ; ಅವಳು ತಪ್ಪಿಲ್ಲದೆ ಏರಿಸುತ್ತಾಳೆ. ಕೊಟ್ಟ ಮಾತಿನಂತೆ ಅವನೆದುರು ಹ್ಯಾಟು ಹಾಕುವುದಿಲ್ಲ. ಬೆಳಿಗ್ಗೆ ಬಂದವಳೇ ಅದನ್ನು ತೆಗೆದು ಅವನ ಕೋಣೆಯ ಬಾಗಿಲಿಗೆ ಎದುರು ಗೋಡೆಯಲ್ಲಿ, ಅವನ ಕಣ್ಣಿನ ಎತ್ತರಕ್ಕೆ ಇರುವ ಮೊಳೆಗೆ ತೂಗುಹಾಕುತ್ತಾಳೆ. ಆ ಮೊಳೆ ಹೊಡೆದವಳೂ ಅವಳೇ.