ಓಟಗಾರ ಮಾರ್ಟಿನ್ನನ ಕಾಲುಗಳು

ಮಾರ್ಟಿನ್ ತನ್ನ ಕಾಲುಗಳನ್ನು ಮನೆಗೆ ಬಂದ ಹೊಸ ಅಳಿಯನಂತೆ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಐಸು, ಸಂಜೆ ದಿಂಬು. ಬಾಳೆಲೆ ಊರಿನ ಹತ್ತಿರದ ನಮ್ಮ ಕಾಫಿ ಎಸ್ಟೇಟಿನ ಹೋಂಸ್ಟೇಯಲ್ಲಿ ಅವನು ಮೂರು ತಿಂಗಳಿದ್ದ. ನಾನು ಅಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದರ ಜೊತೆಗೆ ಅವನ ಪುರಾಣ ಕೇಳುವ ಕೆಲಸವೂ ನನ್ನ ತಲೆಗೇ ಬಂತು.

ಅಮೆರಿಕದ ಪರವಾಗಿ ಹತ್ತು ಸಾವಿರ ಮೀಟರ್ ಓಡಿದವನಂತೆ. ಒಂದೇ ಸಲ. ಹದಿನೇಳನೆಯವನಾಗಿ ಬಂದ. ಅದಕ್ಕೆ ಗಾಳಿ ಕಾರಣ, ಶೂ ಕಾರಣ, ಕೋಚ್ ಕಾರಣ, ಮೊದಲ ಹೆಂಡತಿಯೂ ಕಾರಣ, ಇವನೊಬ್ಬನನ್ನು ಬಿಟ್ಟು. ಆಮೇಲೆ ಇಪ್ಪತ್ತು ವರ್ಷ ಊರೂರು ಸುತ್ತಿ, ಓಡುವುದು ಹೇಗೆಂದು ಭಾಷಣ ಬಿಗಿದ. ಇಲ್ಲಿ ಕಾಫಿ ಮೂಟೆ ಹೊತ್ತು ಏರು ಹತ್ತುವ ಹೆಂಗಸರನ್ನು ಕಂಡು, "ಇವರಿಗೆ ಉಸಿರಾಡೋದೇ ಗೊತ್ತಿಲ್ಲ," ಎಂದ. ನನಗೆ ಮೈ ಉರಿಯಿತು.

ಒಂದು ಶುಕ್ರವಾರ ಕಾಫಿ ಹಣ್ಣಿನ ಪಿಕ್ಕಿಂಗ್ ನಡೆಯುವಾಗ ಸೆಲ್ವಿ ಎನ್ನುವ ಆಳಿನ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ಆವತ್ತು ಕರೆಂಟಿಲ್ಲದೆ ಫೋನ್ ಟವರ್ ಸತ್ತಿತ್ತು. ಜೀಪು ಎರಡು ಮೈಲಿ ಮೇಲೆ, ಕಾಫಿ ಒಣಗಿಸುವ ಕಣದಲ್ಲಿತ್ತು. ನಾನು ಹೋಂಸ್ಟೇಗೆ ಬಂದು, ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಮಾರ್ಟಿನ್ನನಿಗೆ ವಿಷಯ ಹೇಳಿ, "ಬೇಗ ಓಡಿ, ಡ್ರೈವರನ್ನ ಕಳಿಸಿ," ಎಂದೆ.

"ಸಾರಿ. ಇವತ್ತು ನನಗೆ ರೆಸ್ಟ್ ಡೇ," ಎಂದ. "ಭಾನುವಾರ ರೇಸ್ ಇದೆ."

ಗಂಬೂಟಿನಲ್ಲಿ ನಾನೇ ಓಡಿದೆ. ಐವತ್ತಾರು ವಯಸ್ಸು, ಮುಂದೆ ಹೊಟ್ಟೆ. ಎರಡು ಸಲ ಬಿದ್ದೆ. ಡ್ರೈವರಿಗೆ ಹೇಳಲು ಮಾತು ಹೊರಡದೆ ಕೈಯಲ್ಲೇ ತೋರಿಸಿದೆ. ಸೆಲ್ವಿ ಎರಡು ವಾರ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದಳು. ಕೊನೆಗೆ ಬದುಕಿದಳು. ಆ ಭಾನುವಾರ ಪೊನ್ನಂಪೇಟೆಯಲ್ಲಿ ನಡೆದ ಹಿರಿಯರ ಓಟದಲ್ಲಿ ಮಾರ್ಟಿನ್ನನನ್ನು ಒಬ್ಬ ನಿವೃತ್ತ ಹವಾಲ್ದಾರ ಬರಿಗಾಲಲ್ಲಿ ಸೋಲಿಸಿದ. ಮಾರ್ಟಿನ್ ರಸ್ತೆಯನ್ನು ಬೈದ.

ಅವನು ಹೊರಡುವ ದಿನ ಸೆಲ್ವಿ ಆಳುಗಳ ಲೈನ್ ಮನೆಯಿಂದ ಕುಂಟುತ್ತ ಬಂದಳು. ಕೈಯಲ್ಲೊಂದು ಸಣ್ಣ ಶೀಶೆ.

"ರೈಟ್ರೇ, ಇದು ಆ ದೊರೆಗೆ ಕೊಡಿ. ನೋವೆಣ್ಣೆ. ಪಾವಂ, ಆವತ್ತು ಅವ್ರಿಗೆ ಕಾಲುನೋವು ಜಾಸ್ತಿ ಇತ್ತು ಅಲ್ವಾ? ಇಲ್ಲಾಂದ್ರೆ ಓಡದೆ ಇರ್ತಿದ್ರಾ?"

ಶೀಶೆ ಕೊಟ್ಟು, ಅವಳ ಮಾತನ್ನು ಒಂದಕ್ಷರ ಬಿಡದೆ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮಾರ್ಟಿನ್ ಮುಚ್ಚಳ ತೆಗೆದು ಮೂಸಿದ. "ಇದನ್ನ ಓಡೋಕೆ ಮೊದಲು ಹಚ್ಚಬೇಕಾ, ಆಮೇಲಾ?" ಎಂದು ಕೇಳಿದ.

"ಏನಂದ್ರು?" ಎಂದಳು ಸೆಲ್ವಿ.

"ನಿನ್ನ ಆರೋಗ್ಯ ಕೇಳಿದ್ರು," ಎಂದೆ.