ಮೂರು ಕೈ, ಒಂದು ಹಣೆ

ಓದುಗ ಬಂಧುಗಳಿಗೆ ನಮಸ್ಕಾರ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದ್ದೇನೆ, ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಜ್ವರ ಅಳೆಯುತ್ತಿದ್ದುದು ಕೈಯಿಂದಲೇ. ಮಗಳು ಗಿರಿಜೆ ಚಿತ್ರದುರ್ಗಕ್ಕೆ ಓಟದ ಪಂದ್ಯಕ್ಕೆ ಹೊರಟಿದ್ದ ಬೆಳಿಗ್ಗೆ, ತಣ್ಣೀರಲ್ಲಿ ಬಟ್ಟೆ ಒಗೆದು ಬಂದ ನನ್ನವ್ವ ಅವಳ ಹಣೆ ಮುಟ್ಟಿ, "ಅಯ್ಯೋ, ಕೆಂಡ ಆಗೈತೆ! ಎಲ್ಲಿಗೂ ಕಳಿಸ್ಬ್ಯಾಡ" ಎಂದಳು. ರೊಟ್ಟಿ ಬೇಯಿಸುತ್ತಿದ್ದ ಹೆಂಡತಿ ಒಲೆಯ ಮುಂದಿನಿಂದೆದ್ದು ಬಂದು ಮುಟ್ಟಿ, "ಎಲ್ಲೈತೆ ಅತ್ತೇ? ತಣ್ಣಗವ್ಳೆ" ಎಂದಳು. ನಾನೂ ಮುಟ್ಟಿದೆ. ಹಿಂದಿನ ವರ್ಷ ಪಂದ್ಯ ತಪ್ಪಿ ಎರಡು ದಿನ ಅತ್ತಿದ್ದ ಮಗಳ ಮುಖ ನೋಡುತ್ತಾ ಮುಟ್ಟಿದ್ದಕ್ಕೋ ಏನೋ, ನನ್ನ ಕೈಗೆ ಜ್ವರ ಸಿಗಲೇ ಇಲ್ಲ.

ಪಕ್ಕದ ಮನೆಯ ಕಾಂಪೌಂಡರ್ ರುದ್ರಣ್ಣನವರಿಂದ ಥರ್ಮಾಮೀಟರ್ ತಂದೆ. ಗಾಜಿಗೆ ಅಜ್ಜಿಯ ಭಯವಿಲ್ಲ, ಅಪ್ಪನ ಆಸೆಯಿಲ್ಲ; ಅದು ಇದ್ದದ್ದನ್ನು ಇದ್ದಂತೆ ಹೇಳುತ್ತದೆಂದು ನನಗೆ ಭಾರಿ ಹೆಮ್ಮೆ. ಅವ್ವ ಬಿಟ್ಟಾಳೆಯೇ? "ಊರೋರ ಎಂಜಲು ಮಗೀನ ಬಾಯಿಗಿಡ್ತೀಯೇನೋ?" ಎಂದು ಕಿತ್ತುಕೊಂಡು, ಹಂಡೆಯ ಬೆಚ್ಚನೆ ನೀರಲ್ಲಿ ಅದ್ದಿ ಅದ್ದಿ ತೊಳೆದುಕೊಟ್ಟಳು. ಬಾಯಲ್ಲಿಟ್ಟು ತೆಗೆದರೆ ಪಾದರಸ ಕಡೇ ಗೆರೆಯ ಹತ್ತಿರ! "ನಾನೇಳ್ಲಿಲ್ವಾ?" ಎಂದು ಗೆದ್ದ ಅವ್ವನೇ ಮೊದಲು ಅಳತೊಡಗಿದಳು.

ಗದ್ದಲ ಕೇಳಿ ರುದ್ರಣ್ಣ ಓಡಿಬಂದರು. ನಿಶ್ಚಿಂತೆಯಿಂದ ರಿಬ್ಬನ್ನು ಕಟ್ಟಿಕೊಳ್ಳುತ್ತಿದ್ದ ಹುಡುಗಿಯನ್ನು ನೋಡಿದರು.

"ಅಜ್ಜೀ, ಇದನ್ನ ಯಾವ ನೀರಾಗೆ ತೊಳೆದ್ರಿ?"

"ಹಂಡೆ ನೀರಾಗೆ ಕಣಪ್ಪ."

"ಹಂಗಾರೆ ಜ್ವರ ಬಂದಿರೋದು ಹಂಡೇಗೆ, ಹುಡುಗೀಗಲ್ಲ!"

ಕೊಡವದೆ ತಾನಾಗಿ ಇಳಿಯದ ಆ ಪಾದರಸವನ್ನು ಕೊಡವಿ ಇಳಿಸಿ, ಕಂಕುಳಲ್ಲಿಟ್ಟು, ತೆಗೆದು ನಮ್ಮೆಲ್ಲರಿಗೂ ತೋರಿಸಿದರು. ಅಂಕಿ ಬಾರದ ಅವ್ವನಿಗೂ ಕಂಡಿತು: ಪಾದರಸ ಜ್ವರ ಶುರುವಾಗುವ ಕೆಂಪು ಗುರುತಿನ ಕೆಳಗೇ ನಿಂತಿತ್ತು. ಗಿರಿಜೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದಳು.

ನಮ್ಮ ಮೂರು ಕೈಗಳೂ ಸುಳ್ಳು ಹೇಳಿರಲಿಲ್ಲ. ಅವ್ವನ ಕೈ ತಣ್ಣೀರನ್ನು, ಹೆಂಡತಿಯದು ಒಲೆಯನ್ನು, ನನ್ನದು ಆಸೆಯನ್ನು ಹೇಳಿದವು. ಗಾಜೂ ತಾನು ಮುಳುಗಿದ್ದ ನೀರನ್ನೇ ಹೇಳಿತು. ಹಾಗೆಂದು ಸತ್ಯ ಯಾರ ಕೈಗೂ ಸಿಗದೆನ್ನಲೇ? ಸಿಕ್ಕಿತಲ್ಲ! ಯಾವುದು ಎಲ್ಲಿ ಅದ್ದಿ ಬಂದಿದೆ ಎಂದು ವಿಚಾರಿಸಿ, ಕೊಡವಿ, ಮತ್ತೊಮ್ಮೆ ನೋಡುವಷ್ಟು ತಾಳ್ಮೆ ಬೇಕು. ಜ್ವರ ಇದೆಯೆಂದವರೂ ಇಲ್ಲವೆಂದವರೂ ಒಂದೇ ಗೆರೆಯನ್ನು ಒಟ್ಟಿಗೆ ನೋಡಬೇಕು.

ಸಂಜೆ ಮಗಳು ಎರಡನೇ ಬಹುಮಾನದ ಲೋಟ ಹಿಡಿದು ಬಂದಳು. ಅವ್ವ ಅವಳ ಬೆನ್ನು ಸವರುತ್ತಾ ನನ್ನತ್ತ ತಿರುಗಿ, "ನೋಡ್ದೇನೋ? ಒಳಗೆ ಕಾವಿತ್ತು, ಅದಕ್ಕೇ ಹಂಗೆ ಓಡೈತೆ ಮಗು!" ಎಂದಳು.

ನಿಮ್ಮ ಮನೆಯಲ್ಲೂ ಇಂಥ ಪರೀಕ್ಷೆ ನಡೆದಿರಬೇಕು. ಯಾರು ಗೆದ್ದರು, ಬರೆದು ತಿಳಿಸುತ್ತೀರಾ?